ಎಂಜಲು ಮೇಣ

ಮೇಣದ ಕೆಳಗಿನ ಅಂಚಿನಿಂದ ಎರಡು ಬೆರಳು ಮೇಲೆ, ಬಲಗಡೆಗೆ, ಒಂದು ಕೂದಲಿತ್ತು. ಅರ್ಧ ಮೇಣದ ಒಳಗೆ, ಅರ್ಧ ಹೊರಗೆ. ಒಳಗಿದ್ದ ಭಾಗ ನೇರ, ಹೊರಗಿದ್ದದ್ದು ಕೊಕ್ಕೆಯ ಹಾಗೆ ಬಾಗಿತ್ತು. ಬುಡದ ಕಡೆ ಬಿಳಿ, ತುದಿಯಲ್ಲಿ ಮದರಂಗಿಯ ಕೆಂಪು.

ಅದನ್ನು ನಾನು ನೋಡಿದ್ದು ಮೂರನೆಯ ಶುಕ್ರವಾರ, ಬೆಳಿಗ್ಗೆ ಎಂಟೂಕಾಲಿಗೆ, ಗುಡ್ಡೆಯ ಮೇಲಿನ ಸಣ್ಣ ಇಗರ್ಜಿಯ ಸಾಲಿನಲ್ಲಿ ಅಮ್ಮನ ಹಿಂದೆ ನಿಂತಿದ್ದಾಗ. ಮೇಣ ಅಮ್ಮನ ಕೈಯಲ್ಲಿತ್ತು. ಹೆಂಗಸಿನ ಒಂದು ಎದೆಯ ಆಕಾರದ್ದು. ಅಂಗೈಯಲ್ಲಿ ಹಿಡಿಯುವಷ್ಟು, ಹಿಂಬದಿ ಚಪ್ಪಟೆ, ಹಳದಿಗೆ ತಿರುಗಿದ ಬಿಳಿ ಬಣ್ಣ. ಆ ಇಗರ್ಜಿಯಲ್ಲಿ ಹೀಗೆ ಮೇಣದ ಅಂಗಗಳನ್ನು ಹರಕೆ ಒಪ್ಪಿಸುತ್ತಾರೆ. ಕಾಲುನೋವಿನವರು ಮೇಣದ ಕಾಲು, ಮಕ್ಕಳಾಗದವರು ಮೇಣದ ಕೂಸು, ಕಣ್ಣಿನ ತೊಂದರೆಯವರು ಒಂದೇ ಬಿಲ್ಲೆಯ ಮೇಲೆ ಎರಡು ಕಣ್ಣು. ಇಗರ್ಜಿಯ ಪಕ್ಕದ ಅಂಗಡಿಯಲ್ಲಿ ಕೊಂಡ ಅಂಗವನ್ನು ಮೊದಲು ತಮ್ಮ ನೋವಿರುವ ಜಾಗಕ್ಕೆ ಉಜ್ಜಬೇಕು. ಆಮೇಲೆ ಪೀಠದ ಮುಂದಿನ ಹಿತ್ತಾಳೆಯ ಹರಿವಾಣದಲ್ಲಿ ಇಡಬೇಕು. ನೋವು ಮೇಣಕ್ಕೆ ಹೋಗುತ್ತದೆ, ಮೇಣ ಸಾಯ್ಬಿಣಿಗೆ ಹೋಗುತ್ತದೆ. ಮೇರಿ ಮಾತೆಯನ್ನು ನಾವು ಕೊಂಕಣಿಯಲ್ಲಿ ಸಾಯ್ಬಿಣ್ ಎನ್ನುತ್ತೇವೆ.

ಅಮ್ಮ ಸೆರಗಿನ ಒಳಗೆ ಕೈ ಹಾಕಿ, ರವಕೆಯ ಮೇಲಿನ ಎರಡು ಗುಂಡಿ ಬಿಚ್ಚಿ, ಆ ಮೇಣವನ್ನು ಎಡ ಎದೆಗೆ ಉಜ್ಜುತ್ತಿದ್ದಳು. ತುಟಿ ಅಲುಗುತ್ತಿತ್ತು. ಅವಳ ಮುಂದಿದ್ದ ಮುದುಕ ಮೇಣದ ಪಾದವೊಂದನ್ನು ತನ್ನ ಪಾದದ ಹುಣ್ಣಿಗೆ ಒತ್ತಿ ಹಿಡಿದಿದ್ದ. ಹುಣ್ಣು ಒಸರುತ್ತಿತ್ತು. ಮೇಣಕ್ಕೆ ಅಂಟಿದ್ದನ್ನು ಅವನು ಪಂಚೆಯ ತುದಿಯಿಂದ ಒರೆಸಿ, ಅದೇ ತುದಿಯಿಂದ ಮುಖದ ಬೆವರನ್ನೂ ಒರೆಸಿಕೊಂಡ. ನಾನು ಕಣ್ಣು ಮುಚ್ಚಿದೆ. ನೋಡಿದವರಿಗೆ ಪ್ರಾರ್ಥನೆ ಮಾಡುತ್ತಿದ್ದೇನೆ ಎಂದೇ ಅನ್ನಿಸಿರಬೇಕು.

ನಮ್ಮ ಮನೆ ಬೆಳ್ಮಣ್ಣಿನಲ್ಲಿ. ಅಲ್ಲಿಂದ ಕಾರ್ಕಳದ ಬಸ್ಸಿನಲ್ಲಿ ಹೋಗಿ, ನಡುವೆ ಇಳಿದು, ಒಳದಾರಿಯಲ್ಲಿ ಒಂದು ಮೈಲಿ ನಡೆದರೆ ಆ ಗುಡ್ಡೆ. ಮರಗಳಿಲ್ಲದ ಕರಿಬಂಡೆ. ಬಂಡೆಯಲ್ಲೇ ಕಡಿದ ಮೆಟ್ಟಿಲು, ಮೆಟ್ಟಿಲ ಬದಿಗೆ ಹದಿನಾಲ್ಕು ಶಿಲುಬೆ. ತುದಿಯಲ್ಲಿ ಕೆಂಪುಕಲ್ಲಿನ ಗೋಡೆಗೆ ಸುಣ್ಣ ಬಳಿದ, ಹಂಚು ಹೊದೆಸಿದ ಇಗರ್ಜಿ. ಇನ್ನೂರು ವರ್ಷಗಳ ಹಿಂದೆ, ಸುಲ್ತಾನನ ಕಾಲದಲ್ಲಿ ನಮ್ಮವರನ್ನು ಹಾಕಿದ್ದ ಶ್ರೀರಂಗಪಟ್ಟಣದ ಸೆರೆಯಿಂದ ಬದುಕಿ ಬಂದ ಏಳೆಂಟು ಮನೆಯವರು ಅದನ್ನು ಕಟ್ಟಿದರು ಎಂದು ಹಿರಿಯರು ಹೇಳುತ್ತಾರೆ. ಊರಿನಲ್ಲಿದ್ದ ತಮ್ಮ ಇಗರ್ಜಿ ನೆಲಸಮವಾದದ್ದು ನೋಡಿ, ಕೆಡವುವವರಿಗೆ ಹತ್ತಿ ಬರಲು ಬೇಸರವಾಗುವಷ್ಟು ಎತ್ತರದಲ್ಲಿ ಕಟ್ಟಿದರಂತೆ. ಕಲ್ಲುಗಳನ್ನು ಹೆಂಗಸರು ತಲೆಯ ಮೇಲೆ ಹೊತ್ತರಂತೆ, ಬರಿಗಾಲಲ್ಲಿ, ಖಾಲಿ ಹೊಟ್ಟೆಯಲ್ಲಿ. ಹಾಗಾಗಿ ಇವತ್ತಿಗೂ ಹರಕೆಯವರು ಬರಿಗಾಲಲ್ಲಿ, ಬಾಯಿಗೆ ನೀರು ಬಿಟ್ಟು ಬೇರೇನೂ ಹಾಕದೆ ಹತ್ತಬೇಕು. ಒಂಬತ್ತು ಶುಕ್ರವಾರ, ಒಂದೂ ತಪ್ಪದೆ. ನಮ್ಮವರು ಮಾತ್ರವಲ್ಲ, ತುಳು ಮಾತಾಡುವ ಹಿಂದೂ ಮನೆಯವರೂ ಎಣ್ಣೆ, ಮಲ್ಲಿಗೆಯ ಚೆಂಡು ಹಿಡಿದು ಬರುತ್ತಾರೆ.

ಇದಿಷ್ಟು ಎಲ್ಲರಿಗೂ ಗೊತ್ತಿರುವುದು. ಯಾವ ಫಲಕದಲ್ಲೂ ಬರೆದಿರದ ಮೂರು ನಿಯಮಗಳನ್ನು ನನಗೆ ಹೇಳಿದವರು ಮಾವ್ಶಿ, ಅಂದರೆ ಅಮ್ಮನ ಅಕ್ಕ. ಹರಕೆ ಮುಗಿಯುವವರೆಗೆ ಆ ಕಾಯಿಲೆಗೆ ಮದ್ದು ಮುಟ್ಟಬಾರದು, ಡಾಕ್ಟರರ ಮೆಟ್ಟಿಲು ಹತ್ತಬಾರದು. ನಡುವೆ ಒಂದು ಶುಕ್ರವಾರ ಕೆಟ್ಟರೆ ಲೆಕ್ಕ ಮತ್ತೆ ಒಂದರಿಂದ. ಒಪ್ಪಿಸುವ ಅಂಗ ಹೊಸದಿರಬೇಕು. ಒಬ್ಬರು ಒಪ್ಪಿಸಿದ್ದನ್ನು ಇನ್ನೊಬ್ಬರು ಒಪ್ಪಿಸಿದರೆ ಅದು ಎಂಜಲು, ಸಲ್ಲುವುದಿಲ್ಲ. ಆಗಲೂ ಲೆಕ್ಕ ಒಂದರಿಂದಲೇ. ಗುಡ್ಡೆಗೆ ಶುಕ್ರವಾರ ಪೂಜೆಗೆ ಬರುವ ಪಾದ್ರಿಗಳು ಇದ್ಯಾವುದನ್ನೂ ಹೇಳಿದವರಲ್ಲ. ಹೇಳುವುದೇನು, “ಡಾಕ್ಟರರನ್ನೂ ದೇವರೇ ಕೊಟ್ಟದ್ದು, ಮೊದಲು ಅವರ ಹತ್ತಿರ ಹೋಗಿ” ಎಂದು ಪೂಜೆಯ ಉಪದೇಶದಲ್ಲಿ ಎರಡು ಸಲ ಗದರಿಸಿದ್ದನ್ನು ನಾನೇ ಕೇಳಿದ್ದೇನೆ. ಅಮ್ಮ ಅದಕ್ಕೂ ಭಕ್ತಿಯಿಂದ ಆಮೆನ್ ಎಂದಳು.

ನನಗೆ ವಿಷಯ ತಿಳಿದದ್ದು ಒಂದು ಭಾನುವಾರ ಮಧ್ಯಾಹ್ನ. ಮಣಿಪಾಲದಲ್ಲಿ ನಾನು ಕೆಲಸ ಮಾಡಿಕೊಂಡು ಪಿ.ಜಿ. ಕೋಣೆಯಲ್ಲಿರುತ್ತೇನೆ, ವಾರದ ಕೊನೆಗೆ ಮನೆಗೆ ಬರುತ್ತೇನೆ. ಅಪ್ಪ ಕುವೈತಿನಲ್ಲಿದ್ದಾರೆ. ಆ ದಿನ ಹಿತ್ತಿಲ ಕಟ್ಟೆಯ ಮೇಲೆ ಅಮ್ಮ ಬಂಗುಡೆ ಶುಚಿ ಮಾಡುತ್ತಿದ್ದಳು. ಕಾಪುವಿನಿಂದ ಬಂದಿದ್ದ ಮಾವ್ಶಿ ಪಕ್ಕದಲ್ಲಿ ಕೂತು ಕೊತ್ತಂಬರಿ ಹೆಕ್ಕುತ್ತಿದ್ದರು. ಇಬ್ಬರಿಗೂ ಜಗಳ ನಡೆಯುತ್ತಿತ್ತು.

“ಪೆಪ್ಪರ್‌ಮಿಂಟೂ ತಿಂಡಿಯಾ? ಹಾಗಿದ್ರೆ ನೀನು ಕೊಡುವಾಗಲೇ ಹೇಳಬಹುದಿತ್ತು,” ಎಂದಳು ಅಮ್ಮ.

“ತಿಂಡಿ ಅಲ್ಲದಿದ್ರೆ ಎಂತ ಮತ್ತೆ? ಸಿಹಿ ಉಂಟಲ್ಲ. ನಾಲಿಗೆಗೆ ಸಿಹಿ ಮುಟ್ಟಿತು ಅಂದ್ರೆ ಉಪವಾಸ ಹೋಯ್ತು.”

“ಕೊಟ್ಟವಳೇ ನೀನು!”

“ಕೊಟ್ಟದ್ದು ನಾನು. ಬಾಯಿ ತೆರೆದದ್ದು ಯಾರು ಮಾರಾಯ್ತಿ?”

ನಾನು ಕೇಳಿದೆ, ಯಾವ ಉಪವಾಸ ಎಂದು. ಆಗ ಎಲ್ಲ ಹೊರಬಂತು. ಅಮ್ಮನ ಎಡ ಎದೆಯಲ್ಲಿ ಒಂದು ಗಂಟು. ಕಂಡದ್ದು ಹೊಸ ವರ್ಷದ ನಂತರದ ಭಾನುವಾರ, ಮೀಯುವಾಗ. ಆ ವಾರವೇ ಗುಡ್ಡೆಗೆ ಹರಕೆ ಹೇಳಿ ಹತ್ತಲು ಶುರು ಮಾಡಿದ್ದಾಳೆ. ಮೂರು ಶುಕ್ರವಾರ ಆಗಿದೆ. ನಾಲ್ಕನೆಯ ಶುಕ್ರವಾರ ಬಸ್ಸಿನಲ್ಲಿ ವಾಂತಿ ಬಂದ ಹಾಗಾಗಿ, ಮಾವ್ಶಿ ಪರ್ಸಿನಿಂದ ತೆಗೆದುಕೊಟ್ಟ ಪೆಪ್ಪರ್‌ಮಿಂಟನ್ನು ಬಾಯಿಗೆ ಹಾಕಿಕೊಂಡಿದ್ದಾಳೆ. ಗುಡ್ಡೆಯ ಬುಡಕ್ಕೆ ಬಂದ ಮೇಲೆ ಮಾವ್ಶಿಗೇ ನೆನಪಾಗಿದೆ. ಬರುವ ಶುಕ್ರವಾರದಿಂದ ಮತ್ತೆ ಒಂದು.

“ನಾಳೆ ನನ್ನ ಜೊತೆ ಮಣಿಪಾಲಕ್ಕೆ ಬಾ,” ಎಂದೆ.

“ಹರಕೆ ಮುಗಿಯದೆ ಬರ್ಲಿಕ್ಕೆ ಆಗುವುದಿಲ್ಲ.”

“ಅಪ್ಪನಿಗೆ ಹೇಳುತ್ತೇನೆ.”

“ಹೇಳು. ಅವರು ಅಲ್ಲಿ ಊಟ ಬಿಡ್ತಾರೆ, ನಾನು ಇಲ್ಲಿ ಊಟ ಬಿಡ್ತೇನೆ. ನೀನು ಒಬ್ಬಳೇ ಹೊಟ್ಟೆ ತುಂಬ ಉಣ್ಣು.”

ಆಮೇಲೆ ಅವಳು ಸ್ವರ ತಗ್ಗಿಸಿ, “ಕಡಲೆಯಷ್ಟು ಇದೆ ಅಷ್ಟೆ. ಬೇಕಾದರೆ ನೀನೇ ಮುಟ್ಟಿ ನೋಡು,” ಎಂದು ನನ್ನ ಕಡೆ ತಿರುಗಿದಳು. ಕೈಗಳಲ್ಲಿ ಮೀನಿನ ಹುರುಪೆ ಅಂಟಿತ್ತು. ನಾನು ಎರಡು ಹೆಜ್ಜೆ ಹಿಂದೆ ಸರಿದೆ. “ಮೀನಿನ ವಾಸನೆ,” ಎಂದೆ.

ನನ್ನ ಕೆಲಸ ಏನೆಂದು ಹೇಳಿದರೆ ಆ ಎರಡು ಹೆಜ್ಜೆ ಎಂಥದ್ದು ಎಂದು ತಿಳಿಯುತ್ತದೆ. ಮಣಿಪಾಲದ ಒಂದು ಲ್ಯಾಬಿನಲ್ಲಿ, ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಅಂಗದ ತುಣುಕುಗಳನ್ನು ಕರಗಿಸಿದ ಮೇಣದಲ್ಲಿ ಹುದುಗಿಸಿ, ಗಟ್ಟಿಯಾದ ಮೇಲೆ ಕೂದಲಿಗಿಂತ ತೆಳ್ಳಗೆ ಕತ್ತರಿಸಿ, ಗಾಜಿನ ಮೇಲೆ ಹರಡಿ ಬಣ್ಣ ಹಾಕುವುದು ನನ್ನ ಕೆಲಸ. ಗಂಟುಗಳನ್ನು ನಾನು ದಿನವೂ ನೋಡುತ್ತೇನೆ. ಇಕ್ಕಳದಲ್ಲಿ ಹಿಡಿದು ಪಕ್ಕ ತಿರುಗಿಸುತ್ತೇನೆ. ಮಧ್ಯಾಹ್ನ ಅದೇ ಕೈಯಲ್ಲಿ ಊಟದ ಡಬ್ಬಿ ತೆರೆಯುತ್ತೇನೆ, ಏನೂ ಅನ್ನಿಸುವುದಿಲ್ಲ. ಅಮ್ಮನದನ್ನು ಮುಟ್ಟಲು ಮಾತ್ರ ನನ್ನಿಂದಾಗಲಿಲ್ಲ. ಆ ಮಧ್ಯಾಹ್ನ ಅವಳು ಕರಿದ ಬಂಗುಡೆಯನ್ನೂ ತಿನ್ನಲಾಗಲಿಲ್ಲ. ವಾಸನೆ ಎಂದು ಹೇಳಿದ ಮೇಲೆ ತಿನ್ನುವುದು ಹೇಗೆ?

ಎರಡು ದಿನ ಫೋನಿನಲ್ಲಿ ವಾದ ಮಾಡಿ ಸೋತೆ. ಕೊನೆಗೆ ಒಂದು ಒಪ್ಪಂದವಾಯಿತು. ಒಂಬತ್ತು ಶುಕ್ರವಾರವೂ ನಾನು ಜೊತೆಗೆ ಹತ್ತುವುದು. ಒಂಬತ್ತನೆಯದರ ಮರುದಿನ, ಶನಿವಾರ, ಅವಳು ಚಕಾರವೆತ್ತದೆ ಆಸ್ಪತ್ರೆಗೆ ಬರುವುದು. ಮಾವ್ಶಿ ಸಾಕ್ಷಿ. ಲ್ಯಾಬಿನಲ್ಲಿ ಶುಕ್ರವಾರದ ಪಾಳಿಯನ್ನು ಮಧ್ಯಾಹ್ನಕ್ಕೆ ಬದಲಾಯಿಸಿಕೊಂಡೆ. ಮುಖ್ಯಸ್ಥರು ಕಾರಣ ಕೇಳಿದರು. ಮನೆಯ ಕೆಲಸ ಎಂದೆ. ಗುಡ್ಡೆ ಹತ್ತುತ್ತೇನೆ ಎಂದರೆ ಒಂದು ನಗು, ಯಾಕೆ ಎಂದು ಹೇಳಿದರೆ ಒಂದು ಮೌನ. ಎರಡೂ ನನಗೆ ಬೇಡವಾಗಿತ್ತು.

ಪ್ರತಿ ವಾರವೂ ಒಂದೇ ಕ್ರಮ. ಗುರುವಾರ ಸಂಜೆ ಮಾವ್ಶಿ ಬಂದು ನಮ್ಮಲ್ಲಿ ಉಳಿಯುವುದು. ನಾನು ಕೆಲಸ ಮುಗಿಸಿ ಬರುವುದು. ಬೆಳಿಗ್ಗೆ ಆರೂವರೆಯ ಬಸ್ಸು. “ಬಾಯಮ್ಮ, ಗುಡ್ಡೆಗಾ? ಬೇಗ ಇಳೀರಿ, ಅಲ್ಲಿ ಮೇಲೆ ಸೀಟು ಫುಲ್ ಆಗ್ತದೆ,” ಎಂದು ಕಂಡಕ್ಟರನ ಅದೇ ಹಾಸ್ಯ. ಮಂಡಿನೋವಿನ ಮಾವ್ಶಿ ಬುಡದ ಗೇರುಮರದ ಕೆಳಗೆ ನಮ್ಮ ಚಪ್ಪಲಿ ಕಾಯುತ್ತಾ ಕೂರುವುದು. ನಾವಿಬ್ಬರು ಬರಿಗಾಲಲ್ಲಿ ಮೇಲಕ್ಕೆ. ಮೆಟ್ಟಿಲ ಮೇಲೆ ಹಿಂದಿನ ವಾರದ ಮೇಣದ ಹನಿಗಳು, ಅವುಗಳಲ್ಲಿ ಸಿಕ್ಕಿ ಸತ್ತ ಇರುವೆಗಳು, ಯಾರೋ ಉಗುಳಿದ ಎಲೆಯಡಿಕೆ, ಒತ್ತಿ ಚಪ್ಪಟೆಯಾದ ನೀರಿನ ಬಾಟಲಿಗಳು. ಮೇಲೆ ಹೋದರೆ ಪ್ರತಿಮೆಯ ಗಾಜಿನ ಪೆಟ್ಟಿಗೆಯನ್ನು ಒಬ್ಬೊಬ್ಬರೂ ತಮ್ಮ ಕರವಸ್ತ್ರದಿಂದ ಒರೆಸಿ, ಆ ಕರವಸ್ತ್ರವನ್ನು ಮಕ್ಕಳ ಮುಖಕ್ಕೆ ಒರೆಸುತ್ತಿದ್ದರು. ಗಾಜಿನ ಮೇಲೆ ಎಣ್ಣೆ, ಬೆವರು, ಪೌಡರು, ಉಸಿರು ಸೇರಿ ಒಂದು ಬೂದು ಪದರ ಕಟ್ಟಿತ್ತು. ಅದರ ಹಿಂದೆ ಸಾಯ್ಬಿಣಿಯ ಮುಖ ಕಾಣುತ್ತಿರಲಿಲ್ಲ. ಯಾರಿಗೂ ಅದರಿಂದ ತೊಂದರೆ ಆದ ಹಾಗೂ ಕಾಣಲಿಲ್ಲ.

ಮನೆಯಲ್ಲಿ ಪ್ರತಿ ಸಂಜೆ ತೇರ್ಸ ಹೇಳುತ್ತಾ, ಜಪಮಣಿ ತಿರುಗಿಸುತ್ತಾ ಬೆಳೆದವಳು ನಾನು. ಈಗಲೂ ಹೇಳುತ್ತೇನೆ, ಬಾಗಿಲು ಹಾಕಿಕೊಂಡು. ಅದಕ್ಕೇ ಇರಬೇಕು, ಆ ಸಾಲಿನಲ್ಲಿ ನಿಂತಾಗ ನನಗೆ ನನ್ನ ಮನೆಯ ಪಾತ್ರೆಯಲ್ಲಿ ಬೇರೆಯವರು ಕೈ ತೊಳೆದ ಹಾಗೆ ಆಗುತ್ತಿತ್ತು.

ಹೊಸ ಲೆಕ್ಕದ ಮೂರನೆಯ ಶುಕ್ರವಾರ ಕೂದಲನ್ನು ನೋಡಿದಾಗ ನಾನು ಹೆಚ್ಚು ಯೋಚಿಸಲಿಲ್ಲ. ಎರಕ ಹೊಯ್ಯುವವರ ಕೂದಲು ಬಿದ್ದಿರಬಹುದು. ಐದನೆಯ ಶುಕ್ರವಾರ ಅಮ್ಮ ಅಂಗಡಿಯಿಂದ ತಂದ ಎದೆಯನ್ನು ಸಾಲಿನಲ್ಲಿ ಬದಿಗೆ ಹಿಡಿದಾಗ ಅದೇ ಕೂದಲು ಕಂಡಿತು. ಕೆಳಗಿನ ಅಂಚಿನಿಂದ ಎರಡು ಬೆರಳು ಮೇಲೆ, ಬಲಗಡೆ. ಬುಡ ಬಿಳಿ, ತುದಿ ಕೆಂಪು, ಅದೇ ಕೊಕ್ಕೆ.

ನಮ್ಮ ಲ್ಯಾಬಿನಲ್ಲಿ ಒಬ್ಬ ರೋಗಿಯ ಗಾಜಿನ ಮೇಲೆ ಇನ್ನೊಬ್ಬರ ತುಣುಕು ತೇಲಿ ಬಂದು ಕೂರುವುದುಂಟು. ಸಾಸಿವೆಯ ಕಾಲುಭಾಗದಷ್ಟು ಬಂದರೂ ಅದು ದೊಡ್ಡ ತಪ್ಪು. ಬರೆದಿಡಬೇಕು, ಮೇಲಿನವರಿಗೆ ಹೇಳಬೇಕು. ಹಾಗಾಗದಿರಲೆಂದೇ ಒಂದೊಂದು ತುಣುಕಿನ ನಂತರವೂ ಇಕ್ಕಳ ಒರೆಸುತ್ತೇವೆ. ಇಲ್ಲಿನ ಮೇಣವನ್ನು ಕರಗಿಸಿ ಹೊಸದಾಗಿ ಎರಕ ಹೊಯ್ದಿದ್ದರೆ ಕೂದಲು ಜಾಗ ಬದಲಿಸುತ್ತಿತ್ತು. ಕರಗಿಸಿರಲಿಲ್ಲ. ಹರಿವಾಣದಿಂದ ಎತ್ತಿ, ಹಾಗೆಯೇ ಅಂಗಡಿಯಲ್ಲಿ ಇಟ್ಟಿದ್ದರು. ನಡುವಿನ ಹದಿನಾಲ್ಕು ದಿನಗಳಲ್ಲಿ ಅದು ಎಷ್ಟು ಹೆಂಗಸರ ರವಕೆಯೊಳಗೆ ಹೋಗಿ ಬಂದಿದೆಯೋ? ಅದನ್ನು ಅಮ್ಮ ಗುಂಡಿ ಬಿಚ್ಚಿ ಮೈಗೆ ಉಜ್ಜುತ್ತಿದ್ದಳು.

ಆರನೆಯ ಶುಕ್ರವಾರ ಪೂಜೆಯ ನಡುವೆ ಹೊರಗೆ ಬಂದೆ. ಇಗರ್ಜಿಯ ಹಿಂದೆ, ಪಾದ್ರಿಗಳು ಉಡುಪು ಬದಲಿಸುವ ಕೋಣೆಗೆ ಒಂದು ಹಿಂಬಾಗಿಲಿದೆ. ಮೇಣದ ಅಂಗಡಿಯ ತಗಡಿನ ಗೋಡೆ ಅಲ್ಲಿಂದ ಮೂರು ಮಾರು ದೂರ. ದೀಪ, ಗಂಟೆ ನೋಡಿಕೊಳ್ಳುವ ಮುದುಕ ಹರಿವಾಣವನ್ನು ಪ್ಲಾಸ್ಟಿಕ್ ಬಕೆಟಿಗೆ ಬೋರಲು ಹಾಕಿ, ಬಕೆಟನ್ನು ಹೊಸ್ತಿಲ ಹೊರಗೆ ಇಟ್ಟ. ಅಂಗಡಿಯ ಹೆಂಗಸು ಬಂದು ಎತ್ತಿಕೊಂಡು ಹೋದಳು. ಕಾಲುಗಳನ್ನು ಕಾಲುಗಳ ಜೊತೆ, ಕೂಸುಗಳನ್ನು ಕೂಸುಗಳ ಜೊತೆ ಜೋಡಿಸಿದಳು. ಒಂದು ಹಳೆಯ ಬನಿಯನ್ ಬಟ್ಟೆಯಿಂದ ಎಲ್ಲವನ್ನೂ ಒಂದೊಂದು ಸಲ ಒರೆಸಿದಳು. ಎಲ್ಲಕ್ಕೂ ಅದೇ ಬಟ್ಟೆ.

ನಾನು ಹತ್ತಿರ ಹೋದೆ. “ಇವು ಈಗ ಒಳಗೆ ಒಪ್ಪಿಸಿದವು ಅಲ್ವಾ?”

ಅವಳು ತಲೆ ಎತ್ತಿ ನೋಡಿದಳು. ಅರುವತ್ತರ ಆಸುಪಾಸಿನವಳು. ನನ್ನ ಕಣ್ಣು ಮೊದಲು ಹೋದದ್ದು ಅವಳ ಕೂದಲಿಗೆ. ಕಪ್ಪಿತ್ತು. “ಹೌದು ಮಗಳೇ. ಎಂತ ಈಗ?”

“ಮತ್ತೆ ಮಾರುತ್ತೀರಾ?”

“ಮಾರದೆ ಉಪ್ಪಿನಕಾಯಿ ಹಾಕ್ಲಿಕ್ಕುಂಟಾ? ಸಾಯ್ಬಿಣ್ ಮೇಣ ತಿಂತಾಳಾ ಹೇಳು. ಅವಳು ನೋಡಿ ಆಯ್ತು, ನಾವು ತೆಗೆದು ಆಯ್ತು.”

“ಜನರಿಗೆ ಗೊತ್ತುಂಟಾ?”

“ಕೇಳಿದವರಿಗೆ ಗೊತ್ತುಂಟು. ಈಗ ನೀನು ಕೇಳಿದೆ, ನಿನಗೆ ಗೊತ್ತಾಯ್ತು.” ಅವಳು ನಕ್ಕಳು. ಆಮೇಲೆ ನನ್ನ ಮುಖ ನೋಡಿ, ಸ್ವಲ್ಪ ಮೆತ್ತಗೆ ಕೇಳಿದಳು, “ನಿನಗೆ ಯಾವುದು ಬೇಕು?”

“ಎದೆ. ಹೊಸದು.”

“ಎದೆ ಹೊಸದು ಸಿಗ್ಲಿಕ್ಕಿಲ್ಲ ಮಗಳೇ. ಅಚ್ಚು ಒಡೆದು ಹೋಗಿ ಒಂದು ವರ್ಷ ಆಯ್ತು. ಇದ್ದದ್ದು ಏಳೇ. ಕೈ ಬೇಕಾ, ಕಾಲು ಬೇಕಾ, ಎಷ್ಟು ಬೇಕಾದ್ರೂ ಉಂಟು. ನಿನ್ನ ಅಮ್ಮನಿಗಾ?”

ಏಳು. ಈ ತಾಲೂಕಿನ, ಆಚೆ ತಾಲೂಕಿನ, ಎದೆಯಲ್ಲಿ ಗಂಟು ಹೊತ್ತು ಯಾರಿಗೂ ಹೇಳದೆ ಬಂಡೆ ಹತ್ತುವ ಹೆಂಗಸರೆಲ್ಲ ಆ ಏಳನ್ನೇ ಸರದಿಯಲ್ಲಿ ಉಜ್ಜಿಕೊಳ್ಳುತ್ತಿದ್ದರು. ಅವಳ ಮುಂದಿನ ಹಲಗೆಯ ಮೇಲೆ ಆಗ ನಾಲ್ಕಿದ್ದವು.

ಅಮ್ಮನಿಗೆ ಹೇಳುವಂತಿರಲಿಲ್ಲ. ಹೇಳಿದರೆ ಅವಳು ಅಂಗಡಿಯವಳ ಮೇಲೆ ಸಿಟ್ಟಾಗುತ್ತಿರಲಿಲ್ಲ, ಆಸ್ಪತ್ರೆಗೂ ಬರುತ್ತಿರಲಿಲ್ಲ. ಎಂಜಲು ಸಲ್ಲುವುದಿಲ್ಲ ಎಂದು ಲೆಕ್ಕವನ್ನು ಒಂದಕ್ಕೆ ಇಳಿಸುತ್ತಿದ್ದಳು. ಇನ್ನೊಂದು ಒಂಬತ್ತು ವಾರ. ಒಂದು ಪೆಪ್ಪರ್‌ಮಿಂಟಿಗೆ ಆಗಲೇ ನಾಲ್ಕು ವಾರ ಹೋಗಿತ್ತು. ಗಂಟಿಗೆ ನಮ್ಮ ಲೆಕ್ಕ ಗೊತ್ತಿರುವುದಿಲ್ಲ. ಹೀಗಾಗಿ ಆ ಹೊಲಸಿನಲ್ಲಿ ನಾನೂ ಪಾಲುಗಾರ್ತಿಯಾದೆ. ಅಂಗಡಿಯವಳು, ಮುದುಕ, ನಾನು: ಮೂವರಿಗೆ ಗೊತ್ತಿತ್ತು, ಮೂವರೂ ಬಾಯಿ ಮುಚ್ಚಿಕೊಂಡಿದ್ದೆವು. ಅವರದ್ದು ಹೊಟ್ಟೆಪಾಡು ಎನ್ನಬಹುದು.

ಏಳನೆಯ ಶುಕ್ರವಾರ ಪರ್ಸಿನಲ್ಲಿ ಸ್ಪಿರಿಟಿನ ಹತ್ತಿ ಇಟ್ಟುಕೊಂಡು ಹೋದೆ. ಮೇಣ ನಾನೇ ತರುತ್ತೇನೆ ಎಂದು ಅಂಗಡಿಗೆ ಹೋಗಿ, ಗೋಡೆಯ ಮರೆಯಲ್ಲಿ ಒರೆಸಿದೆ. ಹತ್ತಿ ಕಂದು ಬಣ್ಣಕ್ಕೆ ತಿರುಗಿತು. ಇನ್ನೊಂದು ಹತ್ತಿ, ಅದೂ ಕಂದು. ಮೂರನೆಯದೂ ಹಾಗೆಯೇ. ಅಲ್ಲಿಗೆ ನಿಲ್ಲಿಸಿದೆ. ಕೈಗೆ ಸ್ಪಿರಿಟಿನ ವಾಸನೆ ಉಳಿದಿತ್ತು. ಅಮ್ಮ ಮೇಣವನ್ನು ಮೂಗಿಗೆ ಹಿಡಿದು, “ಇದಕ್ಕೆಂತ ಆಸ್ಪತ್ರೆಯ ವಾಸನೆ?” ಎಂದಳು. ನನ್ನ ಕೈಯದ್ದು ಎಂದೆ. “ನಿನ್ನ ಕೈಗೆ ಯಾವಾಗಲೂ ಅದೇ,” ಎಂದಳು.

ಮುಂದಿನ ಗುರುವಾರ ಸಂಜೆ ನಾನು ಬಿಳಿ ಮೇಣದಬತ್ತಿಯ ಒಂದು ಕಟ್ಟು ಕೊಂಡು ಬಂದೆ. ಹಳೆಯ ಅಲ್ಯೂಮಿನಿಯಂ ಪಾತ್ರೆಯಲ್ಲಿ ಕರಗಿಸಿ, ಬತ್ತಿಗಳನ್ನು ಹೆಕ್ಕಿ ತೆಗೆದು, ಅರ್ಧ ತೆಂಗಿನ ಗೆರಟೆಗೆ ಎಣ್ಣೆ ಸವರಿ ಅದರಲ್ಲಿ ಹೊಯ್ದೆ. ಮೇಣ ಹೊಯ್ಯುವುದು ನನ್ನ ದಿನದ ಕೆಲಸ; ಗುಳ್ಳೆ ಬಾರದ ಹಾಗೆ ಹೊಯ್ದೆ. ಗಟ್ಟಿಯಾದ ಮೇಲೆ ಗೆರಟೆ ಒಡೆದು ತೆಗೆದರೆ ಅಚ್ಚ ಬಿಳಿಯ, ತಣ್ಣಗಿನ, ಯಾರೂ ಮುಟ್ಟದ ಒಂದು ಅರ್ಧಗೋಳ. ಬಟ್ಟಲಿನಲ್ಲಿಟ್ಟು ಅಮ್ಮನ ಮುಂದೆ ಹಿಡಿದೆ.

“ಎಂತ ಇದು? ಇಡ್ಲಿಯಾ?”

“ನಾಳೆಗೆ. ಹರಕೆಗೆ.”

ಮಾವ್ಶಿ ಎದ್ದು ಬಂದು ಕನ್ನಡಕ ಏರಿಸಿ ನೋಡಿದರು. “ಇದು ಎಂತದು ಅಂತ ಸಾಯ್ಬಿಣಿಗೆ ಗೊತ್ತಾಗುವುದು ಹೇಗೆ ಮಾರಾಯ್ತಿ? ಮಂಡೆನೋವು ಅಂತ ತಿಳ್ಕೊಂಡ್ರೆ?” ಎಂದು ಅವರು ನಗಲು ಶುರು ಮಾಡಿದರು. ಅಮ್ಮ ನಗಲಿಲ್ಲ.

“ಅಂಗಡಿಯದ್ದಕ್ಕೆ ಎಂತ ಆಗಿದೆ?” ಎಂದು ಕೇಳಿದಳು.

ನನ್ನ ಬಳಿ ಉತ್ತರವಿತ್ತು. ಬಾಯಿಗೆ ಬಂದದ್ದು ಬೇರೆ. “ಏನಿಲ್ಲ. ಶುಚಿಯಾಗಿರಲಿ ಅಂತ.”

“ಕಲಿತವಳ ಹರಕೆ ಅಲ್ಲ ಇದು, ನನ್ನದು. ನಿನಗೆ ಹೇಸಿಗೆ ಆಗುವುದಾದರೆ ಕೆಳಗೆ ಮಾವ್ಶಿಯ ಹತ್ತಿರ ಕೂತ್ಕೋ. ಚಪ್ಪಲಿ ಕಾಯ್ಲಿಕ್ಕೆ ಇಬ್ಬರಾದ್ರು.”

ಆ ಅರ್ಧಗೋಳವನ್ನು ಮಾವ್ಶಿ ಕಾಪುವಿಗೆ ತೆಗೆದುಕೊಂಡು ಹೋದರು, ಹೊಲಿಗೆಯ ನೂಲಿಗೆ ಉಜ್ಜಲು. ಎಂಟನೆಯ ಶುಕ್ರವಾರ ಅಂಗಡಿಯದ್ದೇ ಆಯಿತು. ಅದಕ್ಕೆ ಕೂದಲಿರಲಿಲ್ಲ, ಉಳಿದ ಆರರಲ್ಲಿ ಒಂದು.

ಒಂಬತ್ತನೆಯ ಶುಕ್ರವಾರ ಬರುವಾಗ ತಪಸ್ಸುಕಾಲ ನಡೆಯುತ್ತಿತ್ತು. ಈಸ್ಟರಿಗೆ ಮುಂಚಿನ ಆ ದಿನಗಳಲ್ಲಿ ಶಿಲುಬೆಯ ಹಾದಿಗೆಂದು ಊರೂರಿನವರು ಬರುತ್ತಾರೆ. ಮೆಟ್ಟಿಲಿಗೆ ಮೆಟ್ಟಿಲು ಜನ. ಎಂಟು ಗಂಟೆಗೇ ಬಂಡೆ ಕಾದು ಅಂಗಾಲು ಸುಡುತ್ತಿತ್ತು. ಸೆಕೆಗೆ ಅಂಗಡಿಯ ಅಂಗಗಳೆಲ್ಲ ಮೆದುವಾಗಿದ್ದವು. ಕೂಸುಗಳ ತಲೆ ವಾಲಿತ್ತು, ಬೆರಳುಗಳು ಒಂದಕ್ಕೊಂದು ಅಂಟಿದ್ದವು. ಮೇಣ ತರಲು ನಾನು ಮುಂದೆ ಹೋಗುವ ಮೊದಲೇ ಅಮ್ಮ ಜನರ ನಡುವೆ ನುಗ್ಗಿ ತಾನೇ ಕೊಂಡುಬಂದಳು. ಕೊನೆಯದಲ್ಲವೇ, ತನ್ನ ಕೈಯಿಂದಲೇ ಆಗಬೇಕಂತೆ.

ಸಾಲಿನಲ್ಲಿ ನನ್ನ ಹಿಂದಿನವಳ ಬೆವರಿದ ಹೊಟ್ಟೆ ನನ್ನ ಬೆನ್ನಿಗೆ ತಾಗುತ್ತಿತ್ತು. ಬಾಡಿದ ಮಲ್ಲಿಗೆ, ಸುಟ್ಟ ಬತ್ತಿ, ಉಪವಾಸದ ಬಾಯಿಗಳ ವಾಸನೆ. ಅಮ್ಮ ಮೇಣವನ್ನು ಬೆರಳಿನಿಂದ ಸವರುತ್ತಿದ್ದಳು. ಸವರುತ್ತಾ ಒಂದು ಕಡೆ ಬೆರಳು ನಿಂತಿತು. ಹಿಂದೆ ಬಂತು, ಮತ್ತೆ ನಿಂತಿತು. ನಾನು ನೋಡುವ ಅಗತ್ಯವಿರಲಿಲ್ಲ. ಕೆಳಗಿನ ಅಂಚಿನಿಂದ ಎರಡು ಬೆರಳು ಮೇಲೆ.

“ಕೂದಲು,” ಎಂದಳು. ಕನ್ನಡಕವಿಲ್ಲದೆ ದೂರ ಹಿಡಿದು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು. “ಇದು ಹೊಸದೇ ಅಲ್ವಾ?”

ಕೆಲಸಕ್ಕೆ ಸೇರಿದ ಮೇಲೆ ನಾನು ಒಂದು ಚೀಟಿಯ ಮೇಲೂ ತಪ್ಪು ಸಂಖ್ಯೆ ಬರೆದವಳಲ್ಲ. ಸಂಶಯ ಬಂದರೆ ಪುನಃ ತೆಗೆದು ನೋಡುತ್ತೇನೆ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನುತ್ತೇನೆ. ಅಮ್ಮನಿಗೆ ಅದು ಗೊತ್ತು. ಅದಕ್ಕೇ ಅವಳು ಕೇಳಿದ್ದು ನನ್ನನ್ನು.

“ಹೊಸದೇ,” ಎಂದೆ. “ಎರಕ ಹೊಯ್ಯುವವರ ಕೂದಲು ಬಿದ್ದಿರಬೇಕು. ನಮ್ಮ ಲ್ಯಾಬಿನಲ್ಲೂ ಬೀಳುತ್ತದೆ.”

“ಬೀಳ್ತದಾ?”

“ಬೀಳ್ತದೆ.”

ಅವಳು ಉಗುರಿನಿಂದ ಕೂದಲನ್ನು ಹಿಡಿದು ಎಳೆದಳು. ಮೇಣ ಮೆದುವಾಗಿದ್ದರಿಂದ ಅದು ಸಲೀಸಾಗಿ ಬಂತು, ಬುಡದಲ್ಲಿ ಒಂದು ಸಣ್ಣ ಮೇಣದ ಹರಳಿನೊಂದಿಗೆ. ಕೆಳಗೆ ಕೊಡವಿದಳು. ಬೀಳಲಿಲ್ಲ. ನನ್ನ ದುಪಟ್ಟಾಕ್ಕೆ ಒರೆಸಿದಳು. ನಾನು ಮಿಸುಕಾಡಲಿಲ್ಲ.

ಆಮೇಲೆ ಗುಂಡಿ ಬಿಚ್ಚಿ ಮೇಣವನ್ನು ಉಜ್ಜಿಕೊಂಡಳು, ಎಂದಿಗಿಂತ ಹೆಚ್ಚು ಹೊತ್ತು. ಹರಿವಾಣ ಇನ್ನೂ ನಾಲ್ಕೈದು ಜನರ ಮುಂದಿತ್ತು. ಮೇಣವನ್ನು ಬಲಗೈಗೆ ದಾಟಿಸಿ, ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದಳು.

“ನೀನೂ ಒಮ್ಮೆ ಮುಟ್ಟು,” ಎಂದಳು. “ಇವತ್ತು ಮೀನಿನ ವಾಸನೆ ಇಲ್ಲ.”

ಸೆರಗಿನ ಮರೆಯಲ್ಲಿ ಅವಳೇ ನನ್ನ ಕೈಯನ್ನು ಆ ಜಾಗಕ್ಕೆ ಒಯ್ದಳು. ಚರ್ಮ ಬೆವರು ಮತ್ತು ಮೇಣದಿಂದ ಜಾರುತ್ತಿತ್ತು. ಕೆಳಗೆ ಗಂಟು. ಕಡಲೆಯಷ್ಟಲ್ಲ, ಹಲಸಿನ ಬೀಜದಷ್ಟು. ಅಂಚು ಒರಟು. ಬೆರಳಿನಿಂದ ಒತ್ತಿದರೆ ಸರಿಯಲಿಲ್ಲ. ಸರಿಯದಿರುವುದು ಎಂದರೆ ಏನಿರಬಹುದೆಂದು ನನಗೆ ಗೊತ್ತು. ಖಚಿತವಾಗಿ ಹೇಳಬೇಕಾದದ್ದು ಡಾಕ್ಟರರು. ನನಗೆ ಹೇಸಿಗೆಯಾಯಿತು. ಆದದ್ದನ್ನು ಇಲ್ಲವೆಂದು ಬರೆಯಲಾರೆ. ಆ ಜಾರಿಕೆ, ಆ ಬಿಸಿ, ಬೆನ್ನಿಗೆ ತಾಗುವ ಅಪರಿಚಿತಳ ಹೊಟ್ಟೆ, ಆ ಸುಳ್ಳು ಹೇಳಿ ಎರಡು ನಿಮಿಷವೂ ಆಗದ ನನ್ನ ಬಾಯಿ. ಆದರೂ ಅಮ್ಮ ಬಿಡುವವರೆಗೆ ಕೈ ತೆಗೆಯಲಿಲ್ಲ.

“ಎಂತ?” ಎಂದಳು.

“ನಾಳೆ ಹೇಳ್ತಾರೆ,” ಎಂದೆ.

ಅವಳು ಹರಿವಾಣದಲ್ಲಿ ಮೇಣವನ್ನಿಟ್ಟು ಮಂಡಿಯೂರಿದಳು. ನಾವು ಏಳುವ ಮೊದಲೇ ಗಂಟೆ ನೋಡಿಕೊಳ್ಳುವ ಮುದುಕ ಬಂದು ಹರಿವಾಣವನ್ನು ಎತ್ತಿಕೊಂಡು ಹಿಂಬಾಗಿಲ ಕಡೆಗೆ ನಡೆದ. ಅಮ್ಮ ಕಣ್ಣು ಮುಚ್ಚಿದ್ದಳು.

ಕೆಳಗೆ ಗೇರುಮರದ ಬುಡದಲ್ಲಿ ಮಾವ್ಶಿ ಪರ್ಸು ತೆರೆದು ಪೆಪ್ಪರ್‌ಮಿಂಟು ಹಿಡಿದರು. “ಈಗ ತಿನ್ನು. ಇನ್ನು ದೋಷ ಇಲ್ಲ.”

ಅಮ್ಮ ಅದನ್ನು ತೆಗೆದುಕೊಂಡಳು, ತಿನ್ನಲಿಲ್ಲ. “ನಾಳೆ ಬಸ್ಸಿಗೆ ಬೇಕಾಗ್ತದೆ,” ಎಂದು ಕರವಸ್ತ್ರದ ಮೂಲೆಯಲ್ಲಿ ಗಂಟು ಹಾಕಿದಳು. ನಾನು ದುಪಟ್ಟಾವನ್ನು ತೆಗೆದು ಮಡಿಸಿ ಬ್ಯಾಗಿಗೆ ಹಾಕಿದೆ, ಒರೆಸಿದ ಭಾಗ ಒಳಗೆ ಬರುವ ಹಾಗೆ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿನಲ್ಲಿ ಉಡುಪಿಗೆ, ಅಲ್ಲಿಂದ ಸಿಟಿ ಬಸ್ಸಿನಲ್ಲಿ ಮಣಿಪಾಲಕ್ಕೆ ಹೋದೆವು. ಅಮ್ಮ ಮಾತು ಉಳಿಸಿಕೊಂಡಳು, ಚಕಾರವೆತ್ತಲಿಲ್ಲ. ಆಸ್ಪತ್ರೆಯಲ್ಲಿ ಕೌಂಟರಿನವರು ಒಂದು ಫಾರಂ ಕೊಟ್ಟರು. ಅವಳನ್ನು ಬೆಂಚಿನ ಮೇಲೆ ಕೂರಿಸಿ, ಪಕ್ಕದಲ್ಲಿ ಕೂತು ತುಂಬಿಸಿದೆ. ಹೆಸರು, ವಯಸ್ಸು, ಊರು. ಅಮ್ಮ ಕರವಸ್ತ್ರದ ಗಂಟು ಬಿಚ್ಚಿ ಪೆಪ್ಪರ್‌ಮಿಂಟನ್ನು ಬಾಯಿಗೆ ಹಾಕಿಕೊಂಡಳು.

ತೊಂದರೆ ಯಾವಾಗಿನಿಂದ ಎಂಬ ಸಾಲು ಬಂತು.

“ಎರಡು ವಾರ ಅಂತ ಬರಿ,” ಎಂದಳು ಮೆಲ್ಲಗೆ. “ಹೆಚ್ಚು ಹೇಳಿದ್ರೆ ಬೈತಾರೆ.”

ನಾನು ಹದಿಮೂರು ವಾರ ಎಂದು ಬರೆದೆ, ಅಂಕಿಯಲ್ಲೂ ಅಕ್ಷರದಲ್ಲೂ.

ಅಮ್ಮ ಬಗ್ಗಿ ನೋಡಿದಳು. ಒಂದು ಬೆರಳು, ಇನ್ನೊಂದು ಬೆರಳು ಎಂದು ಮಡಿಸುತ್ತಾ ಮನಸ್ಸಿನಲ್ಲೇ ಎಣಿಸಿದಳು. ಬಾಯಲ್ಲಿ ಪೆಪ್ಪರ್‌ಮಿಂಟು ಕಟಕ್ ಎಂದಿತು.

“ಪೆಪ್ಪರ್‌ಮಿಂಟಿನ ನಾಲ್ಕನ್ನೂ ಸೇರಿಸಿದೆಯಾ?”

“ಸೇರಿಸಿದ್ದೇನೆ.”

ಎದ್ದು ಹೋಗಿ ಫಾರಂ ಅನ್ನು ಕಿಂಡಿಯೊಳಗೆ ಕೊಟ್ಟೆ.